ಕಾಲು ನೋಡುವವರು

ನನ್ನ ಗಂಡನ ಮನೆಯವರು ಯಾರ ಮುಖವನ್ನೂ ಮೊದಲು ನೋಡುವುದಿಲ್ಲ. ಬಾಗಿಲಲ್ಲಿ ಯಾರೇ ಬಂದು ನಿಂತರೂ ಇವರ ಕಣ್ಣು ನೇರ ಕೆಳಗಿಳಿಯುತ್ತದೆ. ಕಾಲಿನ ಅಳತೆ ತೆಗೆದು ಬೂಟು ಹೊಲಿಯುವುದು ಈ ಮನೆಯ ಕಸುಬು. ಮಾವನ ಅಪ್ಪನ ಕಾಲದಿಂದಲೂ ಅದೇ. ನನ್ನನ್ನು ಮೊದಲ ಸಲ ಕಂಡ ದಿನ ಮಾವ ತಲೆ ಎತ್ತಿದ್ದು ಹೊರಡುವ ಹೊತ್ತಿಗೆ. ಅಷ್ಟರಲ್ಲಿ ನನ್ನ ಎಡಗಾಲಿನ ಕಿರುಬೆರಳು ಒಳಕ್ಕೆ ಬಾಗಿರುವುದನ್ನೂ ನಾನು ಹಿಮ್ಮಡಿಯ ಮೇಲೆ ಭಾರ ಹಾಕಿ ನಡೆಯುವುದನ್ನೂ ಅವರು ನೋಡಿ ಮುಗಿಸಿದ್ದರು. "ಹುಡುಗಿ ಹಟಮಾರಿ, ಆದ್ರೆ ಬೀಳಲ್ಲ" ಅಂದರಂತೆ. ಮುಖ ಹೇಗಿದೆ ಅಂತ ಯಾರೋ ಕೇಳಿದ್ದಕ್ಕೆ, "ಅದನ್ನ ಮಗ ನೋಡ್ಕೊಂಡಿರ್ತಾನೆ ಬಿಡಿ" ಎಂದು ಮಾತು ಮುಗಿಸಿದರಂತೆ.

ನಾನು ಬಂದ ಮನೆ ಬೇರೆ. ನನ್ನ ಅಪ್ಪ ಒಂದು ಕಾರ್ಖಾನೆಯ ಕ್ಯಾಂಟೀನ್ ನಡೆಸುತ್ತಿದ್ದರು. ಅಲ್ಲಿ ನಾವು ನೋಡುತ್ತಿದ್ದದ್ದು ತಟ್ಟೆ. ಯಾರು ಎಷ್ಟು ಬಿಟ್ಟರು, ಯಾರು ಬೆರಳಲ್ಲಿ ಕಲಸಿ ಕಲಸಿ ಹಾಗೇ ಎದ್ದರು ಎಂದು ನೋಡಿದರೆ ಅವರ ಮನೆಯ ಸಮಾಚಾರ ಅರ್ಧ ತಿಳಿಯುತ್ತಿತ್ತು. ಮದುವೆಯಾಗಿ ಬಂದ ಮೇಲೆ ನಾನು ತಟ್ಟೆ ನೋಡುವುದು, ಇವರು ಕಾಲು ನೋಡುವುದು, ಹೀಗೇ ಸಂಸಾರ ಸಾಗಿತ್ತು.

ಆ ಮಧ್ಯಾಹ್ನ ಮಾವ ಯಾರಿಗೋ ಬೂಟು ತಲುಪಿಸಲು ಹೋಗಿದ್ದರು. ಇವರು, ಅಂದರೆ ನನ್ನ ಗಂಡ, ಅಂಗಡಿಯ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿಕೊಂಡು, ಗಿರಾಕಿಗಳ ಕಾಟವಿಲ್ಲದೆ ಕೆಲಸ ಮಾಡುತ್ತಿದ್ದರು. ನಮ್ಮ ಅಂಗಡಿಯ ಹಿಂದಿನ ಗೋಡೆಗೆ ಒಂದು ಕಬ್ಬಿಣದ ಕಪಾಟಿದೆ, ಸೂರಿನವರೆಗೆ. ಅದರ ತುಂಬ ಮರದ ಅಚ್ಚುಗಳು. ಒಬ್ಬೊಬ್ಬ ಗಿರಾಕಿಗೂ ಒಂದೊಂದು ಜೊತೆ, ಅವರವರ ಕಾಲಿನದೇ ಆಕಾರ. ಕೆಳಗಿನ ಸಾಲಿನಿಂದ ಒಂದನ್ನು ಎಳೆಯಲು ಹೋದಾಗ ಗೋಡೆಯ ಮೊಳೆ ಕಿತ್ತುಬಂದು ಇಡೀ ಕಪಾಟು ಇವರ ಬಲಗಾಲಿನ ಮೇಲೆ ಮಗುಚಿತು. ಊರಿನ ಕಾಲುಗಳೆಲ್ಲ ಸೇರಿ ನಮ್ಮವರ ಒಂದು ಕಾಲನ್ನು ತುಳಿದವು ಅಂತ ಆಮೇಲೆ ಇವರೇ ತಮಾಷೆ ಮಾಡಿದರು. ಆದರೆ ಆವತ್ತು ಕೂಗಿ ಕೂಗಿ ಇವರ ಗಂಟಲು ಕಟ್ಟಿತ್ತು. ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಮಾವ ವಾಪಸು ಬಂದು, ಬಾಗಿಲು ಬಡಿದು, ಕೊನೆಗೆ ಒಡೆಸುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಆಸ್ಪತ್ರೆಯಲ್ಲಿ ನಾನು ಆ ಪಾದ ಮುಟ್ಟಿದೆ. ತಣ್ಣಗಿತ್ತು. ಬಣ್ಣವೇ ಇರಲಿಲ್ಲ. ಮಾವ ಅದನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡರು. ಸಾವಿರಾರು ಕಾಲು ಹಿಡಿದ ಕೈ ಅದು. ಬಿಸಿ ಬರಲಿ ಅಂತ ಉಜ್ಜುತ್ತಲೇ ಇತ್ತು.

ಆಪರೇಷನ್ ಮಾಡಿದ್ದು ಒಬ್ಬ ಲೇಡಿ ಡಾಕ್ಟರ್, ನನ್ನದೇ ವಯಸ್ಸು. ಜಜ್ಜಿಹೋದ ರಕ್ತನಾಳ ತೆಗೆದು, ಎಡಗಾಲಿನ ಒಂದು ನಾಳವನ್ನು ಅಲ್ಲಿ ಕೂಡಿಸಿ, ಪಾದಕ್ಕೆ ಮತ್ತೆ ರಕ್ತ ಹರಿಯುವಂತೆ ಮಾಡಿದರು. ಮಾರನೆಯ ಬೆಳಿಗ್ಗೆ ಇವರಿಗೆ ಎಚ್ಚರವಾದಾಗ ಪಾದ ಬೆಚ್ಚಗಿತ್ತು, ಉಗುರಿನ ಬುಡದಲ್ಲಿ ಕೆಂಪು ಬಂದಿತ್ತು. ಮಾವ ಹೆಬ್ಬೆರಳನ್ನು ಮೆಲ್ಲಗೆ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಒತ್ತಿದಾಗ ಬೆಳ್ಳಗಾಗಿ, ಬಿಟ್ಟಾಗ ಕೆಂಪೇರುತ್ತಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನೇ ಆಟದಂತೆ ಮಾಡುತ್ತಾ ಕೂತರು.

ಡಾಕ್ಟರ್ ಮಂಚದ ಪಕ್ಕ ನಿಂತು ವಿವರವಾಗಿಯೇ ಹೇಳಿದರು. "ಕಾಲಿಗೆ ರಕ್ತ ಬಂತು, ಆದ್ರೆ ಇಲ್ಲಿಗೇ ಮುಗೀಲಿಲ್ಲ. ಅಷ್ಟು ಹೊತ್ತು ರಕ್ತ ಇಲ್ಲದೆ ಒದ್ದಾಡಿದ ಮಾಂಸದಲ್ಲಿ ಏನೇನೋ ಕೆಟ್ಟದ್ದು ಸೇರಿಕೊಂಡಿರುತ್ತೆ. ರಕ್ತ ಬಿಟ್ಟ ತಕ್ಷಣ ಅದೆಲ್ಲ ಮೈಗೆ ನುಗ್ಗುತ್ತೆ. ಪೆಟ್ಟು ಬಿದ್ದಿದ್ದು ಕಾಲಿಗೆ, ಆದ್ರೆ ಕರುಳಿಗೆ ಏಟಾಗಬಹುದು. ಕರುಳಿನ ಒಳಪೊರೆ ಬಹಳ ಸೂಕ್ಷ್ಮ. ಹೊಟ್ಟೆ ಉಬ್ಬಿದ್ರೆ, ನೋವು ಬಂದ್ರೆ, ಊಟ ಸೇರದಿದ್ರೆ ತಕ್ಷಣ ಹೇಳಬೇಕು."

"ಬೆರಳು ಆಡಿಸಬಹುದಾ ಡಾಕ್ಟ್ರೇ?" ಅಂದರು ಮಾವ.

"ಆಡಿಸಲಿ. ನಾನು ಹೇಳಿದ್ದು ಹೊಟ್ಟೆ ವಿಷಯ."

"ಹಿಮ್ಮಡಿ ಇನ್ನೂ ಸ್ವಲ್ಪ ತಣ್ಣಗಿದೆಯಲ್ಲ?"

ಡಾಕ್ಟರಿಗೆ ನಗು ಬಂತು. ಹೋಗುವ ಮುನ್ನ ಇನ್ನೊಂದು ಮಾತು ಹೇಳಿದರು. "ಅಪರೂಪಕ್ಕೆ ಮೈ ತಡ್ಕೊಳ್ಳಕ್ಕಾಗದಷ್ಟು ಆಗುತ್ತೆ. ಆಗ ಕಾಲೋ ಜೀವವೋ ಅನ್ನೋ ಪ್ರಶ್ನೆ ಬರುತ್ತೆ. ಬಂದ್ರೆ ನಾನು ಜೀವ ಆರಿಸ್ಕೋತೀನಿ. ಅದನ್ನೂ ಹೇಳಿರ್ತೀನಿ."

ಇವರು ಆಗ ಕಣ್ಣು ಮುಚ್ಚಿದ್ದರು. ನಿದ್ದೆ ಅಂದುಕೊಂಡೆ.

ಅವತ್ತು ಮಧ್ಯಾಹ್ನ ಸಿಸ್ಟರ್ ಒಂದು ಬಟ್ಟಲು ಸೂಪು, ಎರಡು ತುಂಡು ಬ್ರೆಡ್ ತಂದಿಟ್ಟರು. ಇವರು ಎರಡು ಚಮಚ ಕುಡಿದು, "ಸಾಕು, ನೀನೇ ತಿನ್ನು. ನಿನ್ನೆಯಿಂದ ನೀನೂ ಉಪವಾಸ" ಅಂದರು. ಹೌದಲ್ಲ ಅನ್ನಿಸಿತು. ಅನ್ನ ಚೆಲ್ಲುವುದನ್ನು ನೋಡಿದರೆ ನನ್ನ ಕೈ ತಾನೇ ಮುಂದೆ ಹೋಗುತ್ತದೆ. ತಿಂದೆ. ಸಿಸ್ಟರ್ ಬಂದು ಖಾಲಿ ಬಟ್ಟಲು ನೋಡಿ, "ಪರವಾಗಿಲ್ವೇ, ಚೆನ್ನಾಗಿ ಊಟ ಸೇರ್ತಿದೆ" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಇವರು, "ನಿಮ್ಮ ಅಡಿಗೆ ಅಷ್ಟು ರುಚಿ ಸಿಸ್ಟರ್" ಎಂದುಬಿಟ್ಟರು. ನನಗೊಂದು ಕಣ್ಣು ಹೊಡೆದರು. ತಮಾಷೆಗೆ ಇರಬೇಕು ಎಂದು ನಾನೂ ನಕ್ಕೆ.

ಸಂಜೆಯೂ ಹಾಗೇ ಆಯಿತು. ಆಗ ನನಗೆ ನಗು ಬರಲಿಲ್ಲ.

ಆ ಹೊತ್ತಿನಿಂದ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಹೋಗುವುದು, ನೀರಿನ ಡ್ರಮ್ಮಿನ ಹತ್ತಿರ ನಿಲ್ಲುವುದು, ಬಾಯಾರಿಕೆ ಇಲ್ಲದಿದ್ದರೂ ಒಂದು ಲೋಟ ಕುಡಿಯುವುದು, ಮತ್ತೆ ಬರುವುದು. ಬಂದು ನೋಡಿದರೆ ಇವರು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಯಾರಾದರೂ ಬಂದರೆ ಮಾತ್ರ ಥಟ್ಟನೆ ಈ ಕಡೆ ತಿರುಗಿ ಹಲ್ಲು ಬಿಡುತ್ತಿದ್ದರು.

ಬರುವವರಿಗೇನೂ ಬರವಿರಲಿಲ್ಲ. ಚರ್ಮದ ಅಂಗಡಿಯವರು ಬಂದರು. ಬೂಟಿನ ಅಟ್ಟೆ ಕತ್ತರಿಸುವವರು, ಲೇಸು ಮಾರುವಾಕೆ, ನಮ್ಮ ಬೀದಿಯ ಬೂಟಿನವರೆಲ್ಲ ಬಂದರು. ಎಲ್ಲರೂ ಮಂಚದ ಕಾಲ ತುದಿಗೇ ಹೋಗಿ ಸೇರುವರು. ತಲೆಯ ಕಡೆ ನಾನೊಬ್ಬಳೇ. "ಎಲ್ಲಿ, ಆಡಿಸು ನೋಡೋಣ" ಅನ್ನುವರು. ಇವರು ಹೆಬ್ಬೆರಳು ಆಡಿಸುವರು. "ಆಹಾ!" ಅನ್ನುವರು. ಸರ್ಕಸ್ಸಿನಲ್ಲೂ ಅಷ್ಟು ಚಪ್ಪಾಳೆ ಬೀಳುವುದಿಲ್ಲ. ಒಬ್ಬರಾದರೂ ಆ ಹೆಬ್ಬೆರಳಿನಿಂದ ಮೇಲಕ್ಕೆ ಕಣ್ಣೆತ್ತಿ, ಈ ಮನುಷ್ಯನ ಹಣೆ ಯಾಕೆ ಹೀಗೆ ಬೆವರುತ್ತಿದೆ ಎಂದು ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮರುದಿನ ಬೆಳಿಗ್ಗೆ ದಿಂಬು ಸರಿಮಾಡಲು ಹೋದಾಗ ಅದರ ಕೆಳಗೆ ಒಂದು ಟವೆಲ್ ಸಿಕ್ಕಿತು. ಒದ್ದೆ. ಹಸಿರು ವಾಂತಿ. ನಾನು ಅದನ್ನು ಬಿಚ್ಚಿ ಹಿಡಿದು ಇವರ ಮುಖ ನೋಡಿದೆ.

"ಏನ್ರೀ ಇದು?"

"ಏನಿಲ್ಲ, ಔಷಧಿ ವಾಸನೆಗೆ."

"ಹೊದಿಕೆ ತೆಗೀರಿ."

"ಸುಮ್ನಿರೇ, ಪಕ್ಕದವರು ನೋಡ್ತಾರೆ."

ನಾನೇ ಎಳೆದೆ. ಹೊಟ್ಟೆ ಬಿಗಿದು ಊದಿಕೊಂಡಿತ್ತು. ಅಂಗಿಯ ಗುಂಡಿಗಳು ಎಳೆದು ನಿಂತಿದ್ದವು. ನಾನು ಕೈ ಇಟ್ಟಿದ್ದೇ ತಡ, ಇವರು ಹಲ್ಲು ಕಚ್ಚಿ ನನ್ನ ಮಣಿಕಟ್ಟು ಹಿಡಿದರು. ಸುತ್ತಿಗೆ ಹಿಡಿದು ಗಟ್ಟಿಯಾದ ಕೈ, ಬಳೆ ನೆಗ್ಗಿತು.

"ಯಾವಾಗಿಂದ?"

"ಹೇಳಬೇಡ ಕಣೇ. ನಿನ್ನ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳಬೇಡ. ಡಾಕ್ಟರ್ ಹೇಳಿದ್ದು ಕೇಳಿಸ್ಕೊಂಡಿದ್ದೀನಿ. ವಿಷ ಮೇಲೆ ಬಂದಿದೆ ಅಂತ ಗೊತ್ತಾದ್ರೆ ಕಾಲು ತೆಗೀತಾರೆ."

"ಹಾಗಂತ ಯಾರಂದ್ರು? ಅಪರೂಪಕ್ಕೆ ಅಂದ್ರು..."

"ನನ್ನ ನಸೀಬಿಗೆ ಅಪರೂಪದ್ದೇ ಬರೋದು. ಇಡೀ ಬೀದೀಲಿ ಯಾರ ಕಪಾಟು ಬಿತ್ತು ಹೇಳು?" ಉಸಿರು ಎಳೆದುಕೊಂಡು ಮುಂದುವರಿಸಿದರು. "ಹೊಲಿಗೆ ಮಿಷನ್ ತುಳಿಯೋದು ಈ ಕಾಲು. ಅಚ್ಚು ಹಿಡ್ಕೊಳ್ಳೋಕೆ ಎರಡು ಮಂಡಿ ಬೇಕು. ಕಾಲಿಲ್ಲದ ಬೂಟಿನವನ ಹತ್ರ ಯಾರೇ ಬಂದು ಕಾಲು ಕೊಡ್ತಾರೆ? ಇನ್ನೊಂದು ದಿನ ತಡ್ಕೊಂಡ್ರೆ ತಾನಾಗೇ ಇಳಿಯುತ್ತೆ. ಅಪ್ಪನ್ನ ನೋಡು ಒಂದು ಸಲ."

ಅಪ್ಪನನ್ನು ನೋಡುವುದಕ್ಕೇನಿತ್ತು? ಮಾವ ಹಿಂದಿನ ರಾತ್ರಿ ಆಸ್ಪತ್ರೆಯಿಂದ ಹೋದವರು ನೇರ ಅಂಗಡಿಗೆ ಹೋಗಿ ಮಗನಿಗೆ ಒಂದು ಜೊತೆ ಹೊಸ ಬೂಟು ಹೊಲಿಯಲು ಕೂತಿದ್ದರು. ಮೆತ್ತನೆಯ ಚರ್ಮ, ಊದಿದ ಕಾಲಿಗೆ ಒತ್ತದ ಹಾಗೆ ಒಳಗೆ ಬಟ್ಟೆಯ ಪದರ. ಬೆಳಿಗ್ಗೆಯೇ ತಂದು ಮಂಚದ ಪಕ್ಕದ ಪುಟ್ಟ ಕಪಾಟಿನ ಮೇಲೆ ಇಟ್ಟು ಹೋಗಿದ್ದರು. ಎಡ, ಬಲ, ಎರಡೂ ಇವರ ಮುಖಕ್ಕೆ ಎದುರಾಗಿ. ಔಷಧಿ ಬಾಟಲಿಗೆ ಜಾಗ ಇಲ್ಲ, ಬೂಟಿಗೆ ಜಾಗ.

ಆಗಲೇ ಚಿಕ್ಕ ಡಾಕ್ಟರ್ ಒಬ್ಬರು ಬಂದು, "ಹೊಟ್ಟೆ ಹೇಗಿದೆ?" ಎಂದು ಕೇಳಿದರು. "ಹಸಿವು ತಡಿಯಕ್ಕಾಗ್ತಿಲ್ಲ ಸಾರ್" ಅಂದರು ಇವರು, ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು. ಸಿಸ್ಟರ್ ಕೂಡ ಹೌದು ಅಂತ ತಲೆ ಆಡಿಸಿದರು. ಪಾಪ, ಅವರು ಕಂಡದ್ದು ಖಾಲಿ ಬಟ್ಟಲು. ಬಟ್ಟಲು ಖಾಲಿ ಮಾಡಿದ ಬಾಯಿ ಅಲ್ಲೇ ಮುಚ್ಚಿಕೊಂಡು ನಿಂತಿತ್ತು. ಚಿಕ್ಕ ಡಾಕ್ಟರ್ ಪಾದ ಮುಟ್ಟಿ ನೋಡಿ, "ಒಳ್ಳೆ ಬಿಸಿ ಇದೆ" ಎಂದು ಮುಂದಿನ ಮಂಚಕ್ಕೆ ಹೋದರು.

ನಾನು ಟವೆಲ್ ಒಗೆಯಲು ಹೋದೆ. ನಲ್ಲಿ ತಿರುಗಿಸಿದೆ. ಒಗೆದೆ. ಹಿಂಡಿದೆ. ಮತ್ತೆ ಒದ್ದೆ ಮಾಡಿ ಮತ್ತೆ ಒಗೆದೆ. ಹೇಳಿದರೆ ಕಾಲು ಹೋಗುತ್ತದೆ, ಇವರು ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ಇವರೇ ಹೋಗುತ್ತಾರೆ. ಇಷ್ಟು ಸರಳವಾದ ಲೆಕ್ಕಕ್ಕೆ ನನ್ನ ಕೈ ಯಾಕೆ ಹೀಗೆ ಟವೆಲ್ ಹಿಂಡುತ್ತಿದೆ ಎಂದು ನನ್ನ ಮೇಲೇ ಸಿಟ್ಟು ಬಂತು. ಆದರೆ ಆ ಲೆಕ್ಕದ ಒಂದು ಕಡೆ ಇದ್ದದ್ದು ನನ್ನ ಗಂಡ ನನ್ನ ಮೇಲೆ ಇಟ್ಟಿದ್ದ ನಂಬಿಕೆ. ಅದನ್ನು ಒಡೆಯುವುದು ಅಷ್ಟು ಸುಲಭವಲ್ಲ. ಹೆದರಿಕೆಯಾಗಿತ್ತು. ಸುಳ್ಳು ಯಾಕೆ, ಬಹಳ ಹೆದರಿಕೆಯಾಗಿತ್ತು.

ನಾನು ವಾಪಸು ಬಂದಾಗ ನೋಡಲು ಬರುವವರ ಹೊತ್ತು ಶುರುವಾಗಿತ್ತು. ಮಂಚದ ಕಾಲ ತುದಿಯಲ್ಲಿ ಅದೇ ಜಾತ್ರೆ. ಮಾವ ನಡುವೆ ಕೂತು ಇವರ ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡು, "ನೋಡಿ, ಈಗ ಹಿಮ್ಮಡಿಗೂ ಬಿಸಿ ಬಂತು" ಎನ್ನುತ್ತಿದ್ದರು. ಲೇಸಿನಾಕೆ, "ಆಡಿಸಪ್ಪಾ ಒಂದು ಸಲ" ಅಂದಳು. ಇವರು ಹೆಬ್ಬೆರಳು ಆಡಿಸಲು ನೋಡಿದರು. ಆ ಕಡೆ ಬೆರಳು ಅಲ್ಲಾಡಿತು, ಈ ಕಡೆ ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. ಆ ಕಡೆಯವರು ಆಹಾ ಅಂದರು. ಈ ಕಡೆ ಕಂಡದ್ದು ನನಗೊಬ್ಬಳಿಗೇ.

"ಕಾಲು ನೋಡಿದ್ದು ಸಾಕು!" ಎಂದು ಕಿರುಚಿದೆ. ಇಡೀ ವಾರ್ಡು ತಿರುಗಿತು. ಹೊದಿಕೆ ಕಿತ್ತು ನೆಲಕ್ಕೆ ಎಸೆದೆ. "ಇಲ್ಲಿ ನೋಡಿ ಮಾವ, ಇಲ್ಲಿ! ನಿಮ್ಮ ಮಗನಿಗೆ ಹೊಟ್ಟೆ ಅನ್ನೋದೂ ಒಂದಿದೆ. ಎರಡು ದಿನದಿಂದ ಅವರು ಏನೂ ತಿಂದಿಲ್ಲ, ಎಲ್ಲಾ ತಿಂದಿದ್ದು ನಾನು. ಸಿಸ್ಟರ್! ಡಾಕ್ಟರನ್ನ ಕರೀರಿ!"

ಮಾವ ಹಿಮ್ಮಡಿ ಹಿಡಿದುಕೊಂಡೇ ಆ ಹೊಟ್ಟೆ ನೋಡಿದರು.

ಆಮೇಲೆ ಎಲ್ಲವೂ ಓಡಲು ಶುರುವಾಯಿತು. ಮೂಗಿಗೆ ನಳಿಗೆ, ಕೈಗೆ ಇನ್ನೊಂದು ಸೂಜಿ, ಹೊಟ್ಟೆಯ ಫೋಟೋ. ಡಾಕ್ಟರಮ್ಮ ಬಂದು ಹೊಟ್ಟೆಯ ಮೇಲೆ ಕೈಯಿಟ್ಟವರೇ, "ಥಿಯೇಟರ್ ರೆಡಿ ಮಾಡಿ" ಅಂದರು. ಯಾರಿಗೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಳ್ಳುವ ಮಂಚದಲ್ಲಿ ಇವರನ್ನು ಕರೆದೊಯ್ಯುವಾಗ ನಾನು ಪಕ್ಕದಲ್ಲೇ ಓಡುತ್ತಿದ್ದೆ. ಇವರು ನನ್ನ ಕಡೆ ನೋಡಿ ಒಂದೇ ಮಾತು ಅಂದರು.

"ನನ್ನ ಕಾಲು ಕೊಟ್ಟುಬಿಟ್ಟೆ ನೀನು."

ಬಾಗಿಲು ಮುಚ್ಚಿತು. ಆ ಬಾಗಿಲ ಎದುರು ಒಂದು ಬೆಂಚು. ಮಾವ ಕೂತರು, ಮಡಿಲಲ್ಲಿ ಆ ಹೊಸ ಬೂಟು. ಗಲಾಟೆಯಲ್ಲಿ ಯಾರೋ ಕೆಳಗೆ ಬೀಳಿಸಿದ್ದನ್ನು ಎತ್ತಿಕೊಂಡು ಬಂದಿದ್ದರು. ನನಗೆ ಕೂರಲಾಗಲಿಲ್ಲ. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆದೆ. ಪ್ರತಿ ಸಲ ತಿರುಗಿದಾಗಲೂ ಮಾವನ ಮಡಿಲು ಕಾಣುತ್ತಿತ್ತು. ಎಡದ ಬೂಟನ್ನು ಈ ತೊಡೆಯ ಮೇಲೆ, ಬಲದ ಬೂಟನ್ನು ಆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಸ್ವಲ್ಪ ಹೊತ್ತಾದ ಮೇಲೆ ಬಲದ್ದನ್ನು ತೆಗೆದು ಬೆಂಚಿನ ಕೆಳಗೆ, ನನಗೆ ಕಾಣದ ಹಾಗೆ ತಳ್ಳಿದರು.

"ಕೂತ್ಕೋ ಮಗಳೇ."

"ಆಗಲ್ಲ ಮಾವ."

"ಅವನು ನನಗೆ ಯಾಕೆ ಹೇಳಲಿಲ್ಲ?"

ನಾನು ಕಿಟಕಿಯ ಕಡೆ ತಿರುಗಿದೆ. ಅವರು ತಮ್ಮ ಕೈಯನ್ನೇ ನೋಡಿಕೊಂಡರು. "ನಾನು ಕೇಳಲೇ ಇಲ್ಲ, ಅಲ್ವಾ? ಬೆರಳು ಆಡಿಸು ಅಂತ ಮಾತ್ರ ಕೇಳ್ದೆ" ಅಂದರು. ಸಮಾಧಾನ ಮಾಡಬೇಕಿತ್ತು. ನನ್ನಲ್ಲಿ ಆಗ ಸಮಾಧಾನ ಇರಲಿಲ್ಲ.

ಡಾಕ್ಟರಮ್ಮ ಹೊರಗೆ ಬಂದು ಟೋಪಿ ತೆಗೆದರು. "ಕರುಳಲ್ಲಿ ಒಂದು ಮೊಳದಷ್ಟು ಸತ್ತುಹೋಗಿತ್ತು. ತೆಗೆದು ಕೂಡಿಸಿದ್ದೀವಿ. ಮಿಕ್ಕಿದ್ದು ಊದಿಕೊಂಡಿದೆ, ಆದ್ರೆ ಜೀವ ಇದೆ. ನಿನ್ನೆನೇ ಹೇಳಿದ್ದಿದ್ರೆ ಬಹುಶಃ ಕುಯ್ಯೋದೇ ಬೇಕಿರಲಿಲ್ಲ. ನಾಳೆವರೆಗೆ ಕಾದಿದ್ರೆ ನಾನು ಏನೂ ಮಾಡಕ್ಕಾಗ್ತಿರಲಿಲ್ಲ."

"ಮತ್ತೆ... ಕಾಲು?" ಅಂದೆ ನಾನು. ಮಾವ ಕೇಳಲಿಲ್ಲ. ಕೇಳಿದ್ದು ನಾನು.

"ಕಾಲಿಗೇನಾಗಿದೆ? ಕಾಲು ಚೆನ್ನಾಗಿದೆಯಲ್ಲ. ಹೊಟ್ಟೆ ನೋವು ಅಂದ್ರೆ ಕಾಲು ಯಾಕೆ ತೆಗೀಲಿ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು. ಮಾವ ಬಗ್ಗಿ ಬೆಂಚಿನ ಕೆಳಗಿಂದ ಬಲದ ಬೂಟು ಎತ್ತಿಕೊಂಡರು.

"ಈಗಲೇ ಖುಷಿ ಪಡಬೇಡಿ" ಅಂದರು ಡಾಕ್ಟರಮ್ಮ. "ಕೂಡಿಸಿದ ಕರುಳು ಕೆಲಸ ಶುರುಮಾಡಬೇಕು. ಕೆಳಗಡೆಯಿಂದ ಗಾಳಿ ಹೋಗೋವರೆಗೂ ನನಗೆ ಧೈರ್ಯ ಇಲ್ಲ."

ಆಮೇಲಿನ ದಿನಗಳ ಕಾಯುವಿಕೆ ಎಂಥದ್ದು ಅಂತ ಹೇಳಲು ನನಗೆ ಈಗಲೂ ನಾಚಿಕೆ. ಮೂರು ಹೊತ್ತೂ ಒಂದೇ ಪ್ರಶ್ನೆ. ಡಾಕ್ಟರಮ್ಮ ಬಂದು "ಗಾಳಿ ಹೋಯ್ತಾ?" ಸಿಸ್ಟರ್ ಬಂದು "ಗಾಳಿ ಹೋಯ್ತಾ?" ಪಕ್ಕದ ಮಂಚದ ಮುದುಕ, ಅವನಿಗೂ ಇದಕ್ಕೂ ಏನು ಸಂಬಂಧವೋ, "ಏನಮ್ಮಾ, ಇನ್ನೂ ಇಲ್ವಾ?" ಮಾವನಿಗೆ ಆ ಮಾತು ಬಾಯಲ್ಲಿ ಬರುತ್ತಿರಲಿಲ್ಲ. ಮರ್ಯಾದಸ್ಥರು. ಹುಬ್ಬೆತ್ತಿ ನನ್ನ ಕಡೆ ನೋಡುವರು, ನಾನು ಇಲ್ಲ ಎಂದು ತಲೆ ಆಡಿಸುವೆ. ಇವರು ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದರು. ಕಾಲು ಇದೆ ಎಂದು ತಿಳಿದ ಮೇಲೂ ಬಿಟ್ಟಿದ್ದರು. ನೋವಿಗೋ, ನಾಚಿಕೆಗೋ, ನಾನು ಹೇಳಿಬಿಟ್ಟ ಸಿಟ್ಟಿಗೋ, ಗೋಡೆ ನೋಡಿಕೊಂಡೇ ಮಲಗಿರುತ್ತಿದ್ದರು. ಹೊಟ್ಟೆ ಮತ್ತೆ ಸ್ವಲ್ಪ ಬಿಗಿಯಾಯಿತು. ಡಾಕ್ಟರಮ್ಮ ಕಿವಿಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿ, ಚೀಟಿಯಲ್ಲಿ ಏನೋ ಬರೆದು ಹೋದರು. ಕಾರಿಡಾರು ಮತ್ತೆ ಶುರು. ನೀರಿನ ಡ್ರಮ್ಮು ಮತ್ತೆ ಶುರು. ಮಾತಾಡದಿದ್ದರೆ ಬೇಡ, ಇರಲಿ, ಸಿಟ್ಟು ಮಾಡಿಕೊಂಡಾದರೂ ಇರಲಿ ಎಂದು ಯಾರಿಗೆ ಅಂತ ಗೊತ್ತಿಲ್ಲದೆ ಬೇಡಿಕೊಳ್ಳುತ್ತಾ ನಡೆದೆ.

ಅದು ಆದದ್ದು ಒಂದು ಬೆಳಗಿನ ಹೊತ್ತು, ವಾರ್ಡಿನಲ್ಲಿ ನೆಲ ಒರೆಸುತ್ತಿದ್ದಾಗ. ನಾನು ಇವರ ಬೆನ್ನ ಹಿಂದೆ ಕೂತು ಹೊದಿಕೆ ಮಡಿಸುತ್ತಿದ್ದೆ. ಸಣ್ಣದಾಗಿ ಶುರುವಾಗಿ, ನಡುವೆ ಒಮ್ಮೆ ತಡೆದು, ಮತ್ತೆ ಧೈರ್ಯ ತಂದುಕೊಂಡು ಉದ್ದಕ್ಕೆ ಹೋಯಿತು. ನೆಲ ಒರೆಸುವವಳ ಕೈ ನಿಂತಿತು. ಪಕ್ಕದ ಮಂಚದ ಮುದುಕ ಎದ್ದು ಕೂತ.

ಇವರು ಗೋಡೆ ನೋಡಿಕೊಂಡೇ, ಅಷ್ಟು ದಿನದ ಮೇಲೆ ಮೊದಲ ಸಲ ನನ್ನನ್ನು ಮಾತಾಡಿಸಿದರು. "ಕೇಳಿಸ್ತಾ?"

"ಇಡೀ ವಾರ್ಡಿಗೇ ಕೇಳಿಸ್ತು ಕಣ್ರೀ" ಅಂದೆ. ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಇವರ ಕೈ ಹಿಂದಕ್ಕೆ ಬಂದು ನನ್ನ ನೆಗ್ಗಿದ ಬಳೆಯನ್ನು ಹುಡುಕಿ ಹಿಡಿದುಕೊಂಡಿತು. ಮಾವ ಅಷ್ಟರಲ್ಲಿ ಬಂದವರು ನಮ್ಮಿಬ್ಬರನ್ನೂ ನೋಡಿ ಗಾಬರಿಯಾಗಿ ನಿಂತರು. ಮುದುಕನೇ ತನ್ನ ಮಂಚದಿಂದ, "ಆಯ್ತು ಆಯ್ತು, ಹೋಯ್ತು!" ಎಂದು ಕೂಗಿ ಹೇಳಿದ.

ಮರುದಿನ ಸೂಪು ಬಂತು. ಅದೇ ಬಟ್ಟಲು. ದಿಂಬಿಗೆ ಒರಗಿಸಿ ಕೂರಿಸಿ ನಾನು ಚಮಚ ಎತ್ತಿದೆ. ಇವರು ಬಟ್ಟಲು ನೋಡಿದರು, ನನ್ನನ್ನು ನೋಡಿದರು.

"ಇದು ನಂದು. ನೀನು ಕೈ ಹಾಕಬೇಡ" ಅಂದರು.

ನಿಧಾನವಾಗಿ, ಒಂದೊಂದು ಗುಟುಕಿಗೂ ನಿಂತು, ಒಳಗೆ ಹೋಗಿ ಏನು ಮಾಡುತ್ತದೆ ಎಂದು ಕಾದು, ಮತ್ತೊಂದು ಗುಟುಕು ಕುಡಿದರು. ಮುಗಿಯುವಷ್ಟರಲ್ಲಿ ಸೂಪು ಆರಿಯೇ ಹೋಗಿತ್ತು. ಸಿಸ್ಟರ್ ಬಂದು ಖಾಲಿ ಬಟ್ಟಲು ಎತ್ತಿ ನೋಡಿ, ಆಮೇಲೆ ನನ್ನ ಮುಖ ನೋಡಿದರು. ಆ ನೋಟದಲ್ಲಿ ನಂಬಿಕೆ ಚೂರೂ ಇರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ.

"ನಿಜವಾಗ್ಲೂ ಅವರೇ ತಿಂದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಮಾವ ಉತ್ತರ ಕೊಟ್ಟರು. ಅವರು ಅವತ್ತು ಸ್ಟೂಲನ್ನು ತಲೆಯ ಕಡೆ ಹಾಕಿಕೊಂಡು, ಕಾಲಿಗೆ ಬೆನ್ನು ಮಾಡಿ ಕೂತಿದ್ದರು.

"ಅವನೇ ತಿಂದ ಸಿಸ್ಟರ್. ನಾನು ಆಗಿಂದ ಅವನ ಬಾಯನ್ನೇ ನೋಡ್ತಾ ಇದ್ದೀನಿ."